ನಾನು ಬಾರಿಸಿದ ಗಂಟೆ

ನಾನು ಒಂದು ಸಣ್ಣ ಪೆಟ್ಟಿಗೆ. ಶಾಲೆ ಮಕ್ಕಳ ಕಂಪಾಸು ಪೆಟ್ಟಿಗೆಗಿಂತ ತುಸು ದಪ್ಪ, ಬೂದಿ ಬಣ್ಣ. ಒಂದು ಕಡೆ ವೈರು ಬರಲು ಒಂದು ತೂತು, ಇನ್ನೊಂದು ಕಡೆ ವೈರು ಹೋಗಲು ನಾಲ್ಕು ಬಾಯಿ. ನನ್ನನ್ನು ರಿಲೇ ಬಾಕ್ಸು ಎನ್ನುತ್ತಾರೆ. ದೊಡ್ಡ ಅಂಗಡಿಗಳಲ್ಲಿ ಗೋಡೆಯಗಲದ ಪರದೆಯ ಮೇಲೆ ಜಾಹೀರಾತು ಓಡುವುದನ್ನು ನೀವು ನೋಡಿದ್ದೀರಿ. ಪರದೆಯೊಳಗಿನ ಮದುವಣಗಿತ್ತಿ ನಕ್ಕ ಕೂಡಲೇ ಪಕ್ಕದ ಗೊಂಬೆಯ ಮೇಲೆ ದೀಪ ಬೀಳುತ್ತದಲ್ಲ, ಅದನ್ನು ಹತ್ತಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಹತ್ತಿಸಿದ್ದು ನಾನು.

ನನ್ನ ಕೆಲಸ ಬಹಳ ಸರಳ. ಪರದೆಗೆ ಚಿತ್ರ ಕಳಿಸುವ ಪ್ಲೇಯರ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಯಾವುದಾದ ಮೇಲೆ ಯಾವುದು ಎಂಬ ಪಟ್ಟಿ ಅದರ ಹೊಟ್ಟೆಯಲ್ಲಿ. ಪಟ್ಟಿಯಲ್ಲಿ ಕೆಲವು ಚಿತ್ರಗಳ ಮುಂದೆ ಒಂದು ಗುರುತು ಹಾಕಿರುತ್ತಾರೆ. ಗುರುತಿನ ಚಿತ್ರ ಶುರುವಾದ ಗಳಿಗೆಗೆ ನನಗೆ ಸುದ್ದಿ ಬರುತ್ತದೆ: ಈಗ. ನಾನು ಟಕ್ ಎನ್ನುತ್ತೇನೆ. ದೀಪವೋ ಫ್ಯಾನೋ ಏನು ಕಟ್ಟಿದ್ದಾರೋ ಅದು ಚಾಲೂ ಆಗುತ್ತದೆ. ಚಿತ್ರ ಮುಗಿದಾಗ ಇನ್ನೊಂದು ಸುದ್ದಿ: ಸಾಕು. ಮತ್ತೆ ಟಕ್. ನಾಲ್ಕು ಬಾಯಿ ಕೊಟ್ಟವರು ‘ಒಲ್ಲೆ’ ಎನ್ನಲು ಒಂದನ್ನೂ ಬಿಟ್ಟಿಲ್ಲ.

ನಾನು ಹುಟ್ಟಿದ್ದು ಪೀಣ್ಯದ ಒಂದು ಕಾರ್ಖಾನೆಯ ಎರಡನೇ ಮಹಡಿಯಲ್ಲಿ. ವಿಮಲಾಕ್ಷಿ ಎಂಬಾಕೆ ನನ್ನ ಹೊಟ್ಟೆಯೊಳಗಿನ ಸಣ್ಣ ಸಣ್ಣ ಬೆಸುಗೆಗಳನ್ನು ಹಾಕಿದಳು. ಬೆಸುಗೆಯ ಹೊಗೆ ಕಣ್ಣಿಗೆ ಹೋಗದಂತೆ ಮುಖ ಓರೆ ಮಾಡಿಕೊಂಡು, ತುಟಿ ಕಚ್ಚಿಕೊಂಡು, ಕೈ ಮಾತ್ರ ಅಲುಗದಂತೆ. ಬೆಳಿಗ್ಗೆ ಕೂತರೆ ಊಟದ ಗಂಟೆಯವರೆಗೆ ಅವಳು ಎದ್ದು ನಿಲ್ಲುವಂತಿರಲಿಲ್ಲ. ಬೆನ್ನು ಹಿಡಿದಾಗ ಕುರ್ಚಿಯಲ್ಲೇ ಒಂದು ಮಗ್ಗುಲಿಗೆ ವಾಲಿ, ‘ಅಯ್ಯಮ್ಮಾ’ ಎಂದು ಉಸಿರು ಬಿಟ್ಟು, ಮತ್ತೆ ನನ್ನ ಮೇಲೆ ಬಗ್ಗುತ್ತಿದ್ದಳು. ನನ್ನನ್ನು ಮೊದಲು ಟಕ್ ಅನಿಸಿದ್ದು ಅವಳೇ. ಕಿವಿಯ ಹತ್ತಿರ ಹಿಡಿದು ಕೇಳಿ, ‘ಹೂಂ, ಚೆನ್ನಾಗಿದ್ದೀಯ’ ಎಂದು ಡಬ್ಬಿಗೆ ಹಾಕಿದಳು.

ಅಲ್ಲಿಂದ ನನ್ನನ್ನು ಗದಗಿಗೆ ತರಿಸಿದವನು ದಸ್ತಗೀರ. ಪರದೆ, ಕ್ಯಾಮೆರಾ, ಮೈಕು ಏನೇ ಇರಲಿ, ಕೂರಿಸುವವನೂ ಅವನೇ, ಕೆಟ್ಟರೆ ರಿಪೇರಿ ಮಾಡುವವನೂ ಅವನೇ. ಮೊದಲು ಒಂದು ಕೃಷಿ ಪ್ರದರ್ಶನದ ಮಳಿಗೆಯಲ್ಲಿ ಮೂರು ದಿನ ದುಡಿದೆ. ಪರದೆಯ ಮೇಲೆ ಮಳೆ ಸುರಿಯುತ್ತಲೇ ನಾನು ಟಕ್ ಎನ್ನುತ್ತಿದ್ದೆ. ಮೇಲಿನ ಪೈಪಿನಿಂದ ಸಣ್ಣ ತುಂತುರು. ಮಕ್ಕಳು ಕಿರುಚುತ್ತ ಓಡಿಹೋಗಿ, ಮತ್ತೆ ಸರತಿಯಲ್ಲಿ ಬಂದು ನಿಲ್ಲುತ್ತಿದ್ದರು. ನನ್ನ ಟಕ್ಕಿಗೆ ಜಗತ್ತು ನಗುತ್ತದೆ ಎಂದು ಆ ಮೂರು ದಿನ ನಂಬಿದ್ದೆ. ಆಮೇಲೆ ದಸ್ತಗೀರ ನನ್ನನ್ನು ಬಿಚ್ಚಿ, ಒರೆಸಿ, ಮುರಿಗೆಪ್ಪ ಸಾವಕಾರರ ಜವಳಿ ಅಂಗಡಿಗೆ ತಂದ.

ನೆಲಮಹಡಿಯಲ್ಲಿ ಬರೀ ಸೀರೆ. ಎದುರು ಗೋಡೆಗೆ ಆಳೆತ್ತರದ ಪರದೆ. ಅದರ ಕೆಳಗೆ ಮರದ ಕಟ್ಟೆ. ಕಟ್ಟೆಯ ಮೇಲೆ ರೇಷ್ಮೆ ಸೀರೆ ಉಟ್ಟ ಮೂರು ಗೊಂಬೆ. ನನ್ನನ್ನು ಕೂರಿಸಿದ್ದು ಆ ಕಟ್ಟೆಯ ಒಳಗೆ. ಗಾಳಿ ಆಡಲೆಂದು ಕಟ್ಟೆಯ ಮುಂಭಾಗಕ್ಕೆ ಸೀಳು ಬಿಟ್ಟಿದ್ದರು. ಆ ಸೀಳಿನಿಂದ ನನಗೆ ಕಾಣುತ್ತಿದ್ದುದು ಮೊಣಕಾಲಿನ ಕೆಳಗಿನ ಲೋಕ ಮಾತ್ರ. ಮೇಲಿನದನ್ನೆಲ್ಲ ಕಿವಿಯಲ್ಲೇ ಕಂಡೆ.

ಸೀರೆ ತೋರಿಸಲು ಹನ್ನೊಂದು ಜನ ಹೆಣ್ಣುಮಕ್ಕಳಿದ್ದರು. ಅಂಗಡಿಯ ಹಾಸುಗಲ್ಲಿನ ಮೇಲೆ ಚಪ್ಪಲಿ ಹಾಕುವಂತಿಲ್ಲ, ಹಾಗಾಗಿ ಎಲ್ಲರದೂ ಬರಿಗಾಲು. ಮುಖ ನೋಡದೆಯೇ ಅವರನ್ನೆಲ್ಲ ಗುರುತು ಹಿಡಿಯುತ್ತಿದ್ದೆ. ದಪ್ಪ ಕಾಲುಂಗುರ, ಒಡೆದ ಹಿಮ್ಮಡಿ, ಹೆಜ್ಜೆ ಇಟ್ಟರೆ ನೆಲವೇ ದಾರಿ ಬಿಡಬೇಕು ಎನ್ನುವಂಥ ನಡಿಗೆ: ಅದು ಹುಲಿಗೆವ್ವ. ಹದಿನಾರು ವರ್ಷದಿಂದ ಅದೇ ಕೌಂಟರಿನಲ್ಲಿದ್ದಾಕೆ. ಎಲ್ಲರಿಗೂ ಹುಲಿಗೆವ್ವಕ್ಕ. ಬಲಗಾಲ ಹೆಬ್ಬೆರಳ ಪಕ್ಕ ಎಳ್ಳಿನಷ್ಟು ಮಚ್ಚೆ, ಎರಡೆಳೆಯ ಸಣ್ಣ ಕಾಲ್ಗೆಜ್ಜೆ: ಅದು ದಾಕ್ಷಾಯಣಿ. ಬೆಟಗೇರಿಯ ನೇಕಾರರ ಮನೆಯ ಮಗಳು, ಅಲ್ಲಿಗೇ ಸೊಸೆ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ಅದರ ನೂಲಿನ ಹೆಸರು ಹೇಳುವಂಥವಳು. ಅವಳನ್ನು ದಾಕ್ಷಿ ಎನ್ನುತ್ತಿದ್ದರು.

ನನ್ನ ಮೊದಲ ಬಾಯಿಗೆ ಗೊಂಬೆಯ ಮೇಲಿನ ದೀಪ. ಎರಡನೆಯದಕ್ಕೆ ಫ್ಯಾನು, ಪರದೆಯಲ್ಲಿ ಸೆರಗು ಹಾರಿದಾಗ ಗೊಂಬೆಯ ಸೆರಗೂ ಹಾರಬೇಕಲ್ಲ. ನಾಲ್ಕನೆಯದು ಖಾಲಿ. ಮೂರನೆಯದಕ್ಕೆ ಗಂಟೆ. ಈ ಗಂಟೆ ಸಾವಕಾರರ ಸ್ವಂತ ವಿಚಾರ. ಹಿತ್ತಾಳೆಯ ಗಂಟೆ, ಅದರ ಪಕ್ಕ ಕರೆಂಟಿನ ಸುತ್ತಿಗೆ. ಬೆಳಿಗ್ಗೆ ಬಾಗಿಲು ತೆಗೆದಾಗ ಪರದೆಯ ಮೇಲೆ ಲಕ್ಷ್ಮೀದೇವಿಯ ಚಿತ್ರ ಬರುತ್ತಿತ್ತು. ಕಮಲ, ಎರಡು ಆನೆ, ಅಂಗೈಯಿಂದ ಸುರಿಯುವ ನಾಣ್ಯ, ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡು ನಾನು ಗಂಟೆ ಬಾರಿಸುತ್ತಿದ್ದೆ. ಎಲ್ಲರೂ ಪರದೆಗೆ ಕೈಮುಗಿದು ಕೆಲಸ ಶುರು ಮಾಡುತ್ತಿದ್ದರು. ದಿನಕ್ಕೆ ಒಂದು ಸಲ. ಅಷ್ಟಾದರೆ ಯಾರಿಗೂ ತಕರಾರಿರಲಿಲ್ಲ.

ಅಂಗಡಿಯ ಹಳೆಯ ಪದ್ಧತಿ ಒಂದಿತ್ತು. ಬೋಣಿಗೆ ಆಗುವವರೆಗೆ, ಎಂದರೆ ದಿನದ ಮೊದಲ ಗಿರಾಕಿ ಏನಾದರೂ ಕೊಳ್ಳುವವರೆಗೆ, ಯಾರೂ ಕೂರಬಾರದು. ಬೋಣಿಗೆ ಆದ ಮೇಲೆ, ಗಿರಾಕಿ ಇಲ್ಲದ ಹೊತ್ತು, ಕೌಂಟರಿನ ಹಿಂದೆ ಗುಟ್ಟಾಗಿ ಇಟ್ಟ ಸ್ಟೂಲಿನ ಮೇಲೆ ಒಂದರೆಗಳಿಗೆ ಕೂತರೆ ಸಾವಕಾರರು ನೋಡಿಯೂ ನೋಡದಂತೆ ಇರುತ್ತಿದ್ದರು. ಅವರು ಕೆಟ್ಟ ಮನುಷ್ಯರಲ್ಲ ಎಂದು ನೀವು ಹೇಳಬಹುದು. ಇರಬಹುದು. ಕೆಟ್ಟವರಲ್ಲದವರ ಅಂಗಡಿಯಲ್ಲೂ ಕಾಲು ಊದಿಕೊಳ್ಳುತ್ತದೆ.

ಒಂದು ಶುಕ್ರವಾರ ದಸ್ತಗೀರ ಪಟ್ಟಿಗೆ ಹೊಸ ಚಿತ್ರಗಳನ್ನು ಸೇರಿಸುವಾಗ ಲಕ್ಷ್ಮಿಯದು ಮಧ್ಯಾಹ್ನವೂ ಒಂದು ಸಲ ಓಡಿತು. ಗಂಟೆ ಬಾರಿಸುತ್ತಿದ್ದಾಗಲೇ ಮುಂಡರಗಿ ಕಡೆಯಿಂದ ಮದುವೆ ಜವಳಿಗೆಂದು ಎರಡು ಟೆಂಪೊ ತುಂಬ ಜನ ಬಂದಿಳಿದರು. ಸಂಜೆಯವರೆಗೆ ವ್ಯಾಪಾರ. ಸಾವಕಾರರು ಕಟ್ಟೆಯ ಮುಂದೆ ಬಂದು ನಿಂತದ್ದು ನನಗೆ ನೆನಪಿದೆ; ಬಿಳಿ ಪಂಚೆಯ ಅಂಚು, ನುಣ್ಣಗೆ ತೊಳೆದ ಪಾದ.

“ದಸ್ತಗೀರಾ, ನೋಡಿದ್ಯೋ ಇಲ್ಲೋ? ಗಂಟಿ ಬಾರಿಸ್ತು, ಮಂದಿ ಬಂತು.”

“ಅವ್ರು ಮುಂಡರಗಿ ಬಿಟ್ಟಾಗ ನಮ್ಮ ಗಂಟಿ ಬಾರಿಸಿರಲಿಲ್ರಿ ಸಾವಕಾರ್ರ,” ಎಂದ ದಸ್ತಗೀರ.

“ನಿನಗ ತಿಳಿಯಂಗಿಲ್ಲ. ಇನ್ನ ಮ್ಯಾಲ ಕಾಲ್ ತಾಸಿಗೊಮ್ಮೆ ಹಾಕು.”

ಪಟ್ಟಿ ಬದಲಾಯಿತು. ಕಾಲು ಗಂಟೆಗೊಮ್ಮೆ ಲಕ್ಷ್ಮಿ, ಕಾಲು ಗಂಟೆಗೊಮ್ಮೆ ಗಂಟೆ. ಅದರ ಜೊತೆಗೇ ಅಪ್ಪಣೆ: ಗಂಟೆ ಕೇಳಿದ ಕೂಡಲೇ ಕೂತವರು ಏಳಬೇಕು, ಕೌಂಟರಿನ ಮುಂದೆ ಸಾಲಾಗಿ ನಿಂತು ಪರದೆಗೆ ಕೈಮುಗಿಯಬೇಕು. ಲಕ್ಷ್ಮಿ ಬರುವ ಹೊತ್ತಿಗೆ ಹೆಂಗಸರು ಕೂತಿದ್ದರೆ ಆಕೆ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾಳಂತೆ. ಒಮ್ಮೆ ಒಂದಿಬ್ಬರು ಏಳಲು ತಡ ಮಾಡಿದರು. ಮಾರನೆಯ ದಿನ ಸ್ಟೂಲುಗಳೆಲ್ಲ ಮೇಲಿನ ಗೋಡೌನು ಸೇರಿದವು.

ಪ್ರದರ್ಶನದಲ್ಲಿ ಮಕ್ಕಳನ್ನು ನಗಿಸಿದ ಅದೇ ಟಕ್. ಈಗ ಅದು ಕೇಳಿದರೆ ಇಪ್ಪತ್ತೆರಡು ಪಾದಗಳು ಕಟ್ಟೆಯ ಕಡೆಗೆ ತಿರುಗಿ ಸಾಲಾಗುತ್ತಿದ್ದವು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ. ನಡುವೆ ಊಟಕ್ಕೆ ಇಪ್ಪತ್ತು ನಿಮಿಷ.

ಕಾಲುಗಳು ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೂ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸಲು ಶುರು ಮಾಡುತ್ತಿದ್ದರು. ಒಬ್ಬಾಕೆ ತಣ್ಣನೆಯ ಕಲ್ಲಿಗೆ ಹಿಮ್ಮಡಿ ಒತ್ತಿ ಒತ್ತಿ ನಿಲ್ಲುತ್ತಿದ್ದಳು. ಇನ್ನೊಬ್ಬಾಕೆಯ ಮೀನಖಂಡದಲ್ಲಿ ನೀಲಿ ನರ ಹಗ್ಗದಂತೆ ಎದ್ದಿತ್ತು. ದಾಕ್ಷಿಯ ಕಾಲ್ಗೆಜ್ಜೆ ಮೊದಲು ಸಡಿಲವಾಗಿತ್ತು. ಒಂದು ದಿನ ಅವಳು ಬಗ್ಗಿ ಕೊಂಡಿಯನ್ನು ಒಂದು ಕಣ್ಣಿ ಹಿಂದಕ್ಕೆ ಹಾಕಿಕೊಂಡಳು. ವಾರದಲ್ಲಿ ಇನ್ನೊಂದು ಕಣ್ಣಿ. ಆಮೇಲೆ ಕೊನೆಯ ಕಣ್ಣಿ. ಒಂದು ಸಂಜೆ ಗೆಜ್ಜೆಯ ಗುರುತು ಚರ್ಮದಲ್ಲಿ ಕೆಂಪಗೆ ಇಳಿದಿತ್ತು. ಮರುದಿನ ಗೆಜ್ಜೆ ಇಲ್ಲದ ಕಾಲಲ್ಲಿ ಬಂದಳು.

ಅವತ್ತು ಹುಲಿಗೆವ್ವಕ್ಕ ಕಟ್ಟೆಯ ಪಕ್ಕದ ಕೆಳಗಿನ ಅರೆಯಲ್ಲಿ ಸೀರೆ ಮಡಿಸುವ ನೆವ ಮಾಡಿಕೊಂಡು ದಾಕ್ಷಿಯನ್ನು ಕರೆದಳು. ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಅಂಗಡಿಯಲ್ಲಿ ಕೂರಲು ಉಳಿದಿದ್ದ ದಾರಿ ಅದೊಂದೇ. ಮೊದಲ ಸಲ ಅವರ ಮುಖ ನನಗೆ ಕಂಡಿತು. ದಾಕ್ಷಿಯ ಮುಖ ಇನ್ನೂ ಎಷ್ಟು ಎಳೆಯದು!

“ಎಷ್ಟ ತಿಂಗಳ?” ಎಂದಳು ಹುಲಿಗೆವ್ವಕ್ಕ.

“ಏನಕ್ಕಾ?”

“ನನ್ನ ಮುಂದ ನಾಟಕ ಮಾಡಬ್ಯಾಡ. ನಾಕ ಹಡದೀನಿ. ಎಷ್ಟ?”

ದಾಕ್ಷಿ ಸೀರೆಯ ಮಡಿಕೆಯನ್ನು ನೇರ ಮಾಡುತ್ತ ಹೇಳಿದಳು, “ಆರರಾಗ ಬಿದ್ದೈತಿ. ಹೋದ ಸಲದ್ದು ಐದರಾಗ ಹೋತಲ್ಲ ಅಕ್ಕಾ… ಡಾಕ್ಟರಮ್ಮ ಬೈದಾಳ. ಕುಂದರಬೇಕಂತ, ಕಾಲ ಮ್ಯಾಲ ಇಟ್ಕೋಬೇಕಂತ. ಹಿಂಗ ನಿಂತಿ ಅಂದ್ರ ನಾ ಏನೂ ಹೇಳಾಕ ಬರಂಗಿಲ್ಲ ಅಂದ್ಲು.”

“ಸಾವಕಾರ್ರಿಗೆ ಹೇಳಿಲ್ಲ?”

“ಹೇಳಿದ್ರ ಮನಿಗೆ ಹೋಗು ಅಂತಾರ. ನಮ್ಮ ಜೋಡಿ ಇದ್ದ ರೇಣವ್ವಗ ಹಂಗ ಅಂದ್ರಲ್ಲ, ಹಡದು ಬಂದ ಮ್ಯಾಲ ತಿರುಗಿ ತಗೊಂಡ್ರೇನು? ಈ ಕೆಲಸ ಹೋದ್ರ ನಾ ಏನ್ ಮಾಡ್ಲಿ? ಕೂಸೂ ಬೇಕು, ಕೆಲಸಾನೂ ಬೇಕು ನನಗ.”

ಅಷ್ಟರಲ್ಲಿ ನನಗೆ ಸುದ್ದಿ ಬಂತು: ಈಗ. ತಡೆಯುವುದು ನನ್ನ ಕೈಲಿದ್ದರೆ! ಟಕ್. ಗಂಟೆ. ದಾಕ್ಷಿ ನನ್ನ ಸೀಳಿನ ಮೇಲೇ ಅಂಗೈ ಊರಿ, ಅದೇ ಆಸರೆಯಲ್ಲಿ ಎದ್ದಳು. ಆ ಕೈಯ ಭಾರ ನನ್ನ ಮರದ ಗೋಡೆಗೆ ತಿಳಿಯಿತು. ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕು ಬಿಟ್ಟರೆ ನನ್ನಲ್ಲಿ ಏನೂ ಇಲ್ಲ. ಆದರೂ ಅವತ್ತು ಗಂಟೆ ಬಾರಿಸಿದ ನಲವತ್ತು ಸೆಕೆಂಡು ಮುಗಿಯಲೇ ಇಲ್ಲ ಅನ್ನಿಸಿತು.

ಹುಲಿಗೆವ್ವಕ್ಕ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪರದೆ ಒರೆಸುತ್ತಿದ್ದಳು. ಮಾರನೇ ವಾರ ಒಂದು ದಿನ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. ದಿನದ ಮೊದಲ ಲಕ್ಷ್ಮಿಯ ಚಿತ್ರ ಓಡುತ್ತಿತ್ತು, ದಾಕ್ಷಿ ಆಗಷ್ಟೇ ಒಳಗೆ ಬಂದಿದ್ದಳು.

“ಏ ದಾಕ್ಷಿ, ಇಲ್ಲಿ ಬಾ. ಇಕಿ ಏನ್ ಮಾಡಾಕತ್ತಾಳ ನೋಡು.”

“ರೊಕ್ಕಾ ಸುರವಾಕತ್ತಾಳ.”

“ಅದಲ್ಲ. ಹ್ಯಾಂಗ ಅದಾಳ?”

“ಹ್ಯಾಂಗ ಅಂದ್ರ? ಕುಂತಾಳ.”

“ಹಾಂ,” ಎಂದಳು ಹುಲಿಗೆವ್ವಕ್ಕ. ಅವತ್ತು ಅವಳ ಪಾದಗಳು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡಿದವು. ಎಲ್ಲ ಕಡೆ ಪಿಸುಮಾತು, ಎಲ್ಲೋ ಒಂದೆಡೆ ಬಾಯಿಗೆ ಸೆರಗು ಒತ್ತಿ ನಕ್ಕ ಸದ್ದು. ಒಂದಿಬ್ಬರು ‘ಬ್ಯಾಡಕ್ಕಾ, ಹೊರಗ ಹಾಕ್ತಾರ’ ಎಂದದ್ದೂ ಕೇಳಿಸಿತು.

ಅವರು ಇನ್ನೂ ಹಾಗೂ ಹೀಗೂ ಎನ್ನುತ್ತಿದ್ದಾಗಲೇ ಆ ವಾರದ ಶುಕ್ರವಾರ ಬಂತು. ಮದುವೆಯ ಕಾಲ, ಅಂಗಡಿ ತುಂಬಿತ್ತು. ನರೇಗಲ್ಲಿನಿಂದ ನೀಲಗಂಗಮ್ಮ ಎಂಬ ಅಜ್ಜಿ ಮೊಮ್ಮಗಳ ಮದುವೆಗೆ ಜವಳಿ ತೆಗೆಯಲು ಇಡೀ ಬಳಗವನ್ನೇ ಕಟ್ಟಿಕೊಂಡು ಬಂದಿದ್ದಳು. ಸವೆದ ಚರ್ಮದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಕೋಲು ಊರಿಕೊಂಡು ಬಂದ ಅವಳ ಕಾಲು ನನಗೆ ತುಂಬ ಹಿಡಿಸಿತು. ಎಲ್ಲೂ ಅವಸರವಿಲ್ಲದ ಕಾಲು.

ಹನ್ನೊಂದೂವರೆಯ ಗಂಟೆ ಬಾರಿಸಿತು. ದಾಕ್ಷಿ ತೋಳಿನ ಮೇಲೆ ನಾಲ್ಕು ರೇಷ್ಮೆ ಸೀರೆ ಹೇರಿಕೊಂಡಿದ್ದವಳು, ಸಾಲಿಗೆ ಬಂದು ನಿಂತು, ಕೈಮುಗಿಯಲು ಹೋಗಿ, ತೂಗಾಡಿದಳು. ಪಕ್ಕದ ಗೊಂಬೆಯನ್ನು ಹಿಡಿದಳು. ಗೊಂಬೆ ಉರುಳಿತು. ಅವಳು ಉರುಳಲಿಲ್ಲ, ಕಟ್ಟೆಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕೆ ಜಾರಿ ಕೂತಳು. ಅವಳ ಉಸಿರು ನನ್ನ ಸೀಳಿನಲ್ಲೇ ಕೇಳುತ್ತಿತ್ತು. ಒಂದು ಕೈ ಹೊಟ್ಟೆಯ ಮೇಲೆ.

ಬಿಳಿ ಪಂಚೆ ಓಡಿ ಬಂತು. ಮೊದಲು ಗೊಂಬೆಯನ್ನು ಎತ್ತಿ ನಿಲ್ಲಿಸಿತು. ಆಮೇಲೆ ದಾಕ್ಷಿಯ ಕಡೆ ತಿರುಗಿತು.

“ಏನವಾ ಇದು? …ಓಹೋ. ಎಷ್ಟ ದಿನದಿಂದ ಮುಚ್ಚಿಟ್ಟಿದ್ದಿ? ನಾಳಿಂದ ಬರಬ್ಯಾಡ. ನಿಂದ್ರಾಕ ಆಗಲಿಲ್ಲಂದ್ರ ಮನ್ಯಾಗ ಇರಬೇಕು. ಹಡದ ಮ್ಯಾಲ ನೋಡೋಣು.”

ದಾಕ್ಷಿಯ ಹೆಬ್ಬೆರಳು ಕಲ್ಲಿನ ಮೇಲೆ ಒತ್ತಿಕೊಂಡಿತು. ಹುಲಿಗೆವ್ವಕ್ಕ ನೀರಿನ ತಂಬಿಗೆ ತಂದು ಅವಳಿಗೆ ಕುಡಿಸಿದಳು. ಸೆರಗಿನಿಂದ ಬಾಯಿ ಒರೆಸಿದಳು. ಆಮೇಲೆ ಅವಳ ಪಕ್ಕದಲ್ಲೇ ನಿಂತು ಕಾಯತೊಡಗಿದಳು. ಏನನ್ನು ಕಾಯುತ್ತಿದ್ದಾಳೆಂದು ಉಳಿದ ಒಂಬತ್ತು ಜನರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಕಾಯುತ್ತಿದ್ದುದು ನನ್ನನ್ನು.

ಹನ್ನೊಂದು ನಲವತ್ತೈದು. ಈಗ. ಟಕ್. ಗಂಟೆ ಬಾರಿಸಿತು. ಹುಲಿಗೆವ್ವಕ್ಕ ಸೀರೆಯ ನಿರಿಗೆ ಸರಿಮಾಡಿಕೊಂಡು ದಾಕ್ಷಿಯ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ನೀಲಿ ನರದಾಕೆ ಕೂತಳು. ಆಮೇಲೆ ಇಬ್ಬರು ಒಟ್ಟಿಗೆ. ಬ್ಯಾಡಕ್ಕಾ ಎಂದವಳೂ, ಒಂದು ಸಲ ಬಾಗಿಲ ಕಡೆ ನೋಡಿ, ಕೂತಳು. ಹನ್ನೊಂದು ಜನ ಪರದೆಗೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ, ಕೈಮುಗಿದು ಕೂತರು.

ಬಿಳಿ ಪಂಚೆ ಮತ್ತೆ ಕಟ್ಟೆಯ ಮುಂದೆ ಓಡಿ ಬಂತು.

“ಏಳ್ರಿ! ಗಂಟಿ ಕೇಳಸಲಿಲ್ಲೇನು?”

“ಕೇಳಿಸ್ತ್ರಿ ಸಾವಕಾರ್ರ,” ಎಂದಳು ಹುಲಿಗೆವ್ವಕ್ಕ. “ಅದಕ್ಕ ಕುಂತೀವಿ.”

ಸಾವಕಾರರ ಫೋನಿನಲ್ಲೇ ಪಟ್ಟಿ ನಡೆಸುವ ಅನುಕೂಲವನ್ನು ದಸ್ತಗೀರ ಮಾಡಿಕೊಟ್ಟಿದ್ದ. ಅವರು ಒತ್ತಿದರು. ಲಕ್ಷ್ಮಿ ಮತ್ತೆ ಮೊದಲಿನಿಂದ ಬಂದಳು. ಟಕ್, ಟಕ್. ಗಂಟೆ. ಯಾರೂ ಅಲುಗಲಿಲ್ಲ.

“ಲಕ್ಷ್ಮಿ ಮುಂದ ಹಿಂಗ ಕುಂದರ್ತೀರಿ? ಏನರೆ ಭಯ ಭಕ್ತಿ ಐತೋ ಇಲ್ಲೋ?”

“ಭಕ್ತಿ ಐತಿ ಅಂತನ ಕೇಳಾಕತ್ತೀನ್ರಿ. ಲಕ್ಷ್ಮಿ ಹ್ಯಾಂಗ ಅದಾಳ, ನೀವ ಒಮ್ಮೆ ಹೊಳ್ಳಿ ನೋಡ್ರಿ. ನಿಂತಾಳೋ, ಕುಂತಾಳೋ?”

ಪಂಚೆಯ ಅಂಚು ಪರದೆಯ ಕಡೆ ಅರ್ಧ ತಿರುಗಿ ನಿಂತಿತು.

“ನಿಮ್ಮ ಮನಿ ದೇವರ ಮನ್ಯಾಗ ನಿಂತ ಲಕ್ಷ್ಮಿ ಪಟಾ ಇಟ್ಟೀರೇನ್ರಿ?”

ಉತ್ತರ ಕೊಟ್ಟದ್ದು ನೀಲಗಂಗಮ್ಮ. “ನಿಂತ ಲಕ್ಷ್ಮಿನ ಯಾರ ಇಡ್ತಾರ ಯವ್ವಾ? ನಿಂತಾಕಿ ಅಂದ್ರ ಹೊಂಟ ನಿಂತಾಕಿ. ಮನಿ ಬಿಟ್ಟು ಹೋಗ್ತಾಳ. ಕುಂತಾಕಿನ್ನ ಇಡಬೇಕು.”

“ಹೌದಲ್ರೀ ಅಜ್ಜಿ! ಇಲ್ಲಿ ಹನ್ನೊಂದ ಮಂದಿ ಲಕ್ಷ್ಮ್ಯಾರನ್ನ ಮುಂಜಾನಿಂದ ನಿಂದರಿಸ್ಯಾರ. ಇನ್ನ ಅಂಗಡ್ಯಾಗ ಏನ್ ಉಳೀತೈತಿ?”

ಜವಳಿಗೆ ಬಂದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗೆ ಸಾವಕಾರರ ಬೆರಳಿಗೆ ತಾಗಿತು ಎಂದು ಕಾಣುತ್ತದೆ. ಫೋನನ್ನು ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು. ಈಗ, ಸಾಕು, ಈಗ, ಸಾಕು, ಈಗ. ನನ್ನಂಥ ಪೆಟ್ಟಿಗೆಗೆ ಅಷ್ಟು ಬೇಗ ಬೇಗ ಬಾಯಿ ತೆರೆದು ಮುಚ್ಚಲು ಆಗುವುದಿಲ್ಲ. ಒಳಗೆ ಒಂದು ಕಿಡಿ ಹಾರಿತು. ಎರಡು ತಾಮ್ರದ ತುದಿಗಳು ಬಿಸಿಯಾಗಿ ಒಂದಕ್ಕೊಂದು ಅಂಟಿಕೊಂಡವು. ‘ಸಾಕು’ ಎಂಬ ಸುದ್ದಿ ಬಂತು. ನನ್ನ ಮೂರನೇ ಬಾಯಿ ಬಿಡಿಸಿಕೊಳ್ಳಲಿಲ್ಲ. ಲಕ್ಷ್ಮಿ ಹೋಗಿ ಮದುವಣಗಿತ್ತಿ ಬಂದಳು. ಗಂಟೆ ನಿಲ್ಲಲಿಲ್ಲ.

ಎಲ್ಲರೂ ಕಿವಿ ಮುಚ್ಚಿಕೊಂಡರು. ಸಾವಕಾರರು ಏನೋ ಕೂಗುತ್ತಿದ್ದರು, ಬಾಯಿ ಆಡುವುದು ಕಾಣುತ್ತಿತ್ತೇನೋ, ಮಾತು ಯಾರಿಗೂ ಕೇಳುತ್ತಿರಲಿಲ್ಲ. ಹುಲಿಗೆವ್ವಕ್ಕ ತನ್ನ ಕಿವಿ ಬಿಟ್ಟು ದಾಕ್ಷಿಯ ಎರಡು ಕಿವಿಗಳ ಮೇಲೆ ಅಂಗೈ ಇಟ್ಟಳು. ದಾಕ್ಷಿ ತನ್ನ ಎರಡು ಅಂಗೈಗಳನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡಳು, ಒಳಗಿರುವವರ ಕಿವಿ ಮುಚ್ಚುವ ಹಾಗೆ. ಆ ಗದ್ದಲದಲ್ಲಿ ನೀಲಗಂಗಮ್ಮನ ಕೋಲು ಕಟ್ಟೆಯ ಹತ್ತಿರ ಬಂತು. ಕೋಲನ್ನು ಮಲಗಿಸಿ, ಮಂಡಿ ಹಿಡಿದು, ಅಜ್ಜಿಯೂ ಅವರ ಪಕ್ಕ ಕೂತಳು. ಅವಳ ಸೊಸೆಯಂದಿರು ಕೂತರು. ಮದುಮಗಳೂ ಕೂತಳು.

ಎದುರಿನ ತನ್ನ ಅಂಗಡಿಯಿಂದ ದಸ್ತಗೀರ ಓಡಿ ಬಂದ. ಕಟ್ಟೆಯೊಳಗೆ ಅರ್ಧ ಮೈ ತೂರಿಸಿ, ನನ್ನ ಮೂರನೇ ಬಾಯಿಯ ವೈರು ಕಿತ್ತ. ಗಂಟೆ ನಿಂತಿತು.

ಆ ನಿಶ್ಶಬ್ದದಲ್ಲಿ ಸಾವಕಾರರ ದನಿ ಸಣ್ಣದಾಗಿ ಕೇಳಿತು. “ಏನ್ ಬೇಕು ನಿಮಗ?”

“ಸ್ಟೂಲು ಕೆಳಗ ಬರಬೇಕು,” ಎಂದಳು ಹುಲಿಗೆವ್ವಕ್ಕ. ಮೊದಲೇ ಬಾಯಿಪಾಠ ಮಾಡಿಟ್ಟಿದ್ದಳು. “ಗಿರಾಕಿ ಇಲ್ಲದಾಗ ನಾವು ಕುಂದರಾವ್ರ. ಗಂಟಿ ಮುಂಜಾನಿ ಒಂದ ಸಲ ಸಾಕು. ಮತ್ತ ದಾಕ್ಷಿ ನಾಳಿ ಬರ್ತಾಳ. ಕುಂತ ಕೆಲಸ ಮಾಡ್ತಾಳ. ಬಾಣಂತನ ಮುಗಿಸಿ ಬಂದ್ರ ಅಕೀ ಕೌಂಟರ್ ಅಕೀಗೇ. ಅಕೀ ಹೋದ್ರ ಹನ್ನೊಂದೂ ಮಂದಿ ಹೊಂಟ್ವಿ, ಈಗಿಂದೀಗ. ಅಜ್ಜಿಗೆ ಸೀರಿ ನೀವ ತೋರಸ್ರಿ.”

“ನಿಂತ ತೋರಸಬ್ಯಾಡಪಾ ಮತ್ತ,” ಎಂದಳು ನೀಲಗಂಗಮ್ಮ. “ನಮ್ಮ ಕಾಲಕ್ಕ ಜವಳಿ ಅಂದ್ರ ಗಾದಿ ಮ್ಯಾಲ. ಮಾರಾವ್ರೂ ಕುಂದರ್ತಿದ್ರು, ಕೊಳ್ಳಾವ್ರೂ ಕುಂದರ್ತಿದ್ರು. ಅರ್ಧಾ ದಿನಾ ಹರಟಿ, ಅರ್ಧಾ ದಿನಾ ಸೀರಿ.”

ಗಲ್ಲಾಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದು ಸಾವಕಾರರು ಎಂದರು, “ಆತು. ಏಳ್ರಿ ಇನ್ನ.”

“ಬಾಯಿ ಮಾತು ಬ್ಯಾಡ್ರಿ. ದಾಕ್ಷಿದು ಕಾಗದದ ಮ್ಯಾಲ ಬರದು ಸಹಿ ಮಾಡ್ರಿ. ಕುಂದರೂದನ್ನ ಆ ಪರದೆ ಮ್ಯಾಲ ಹಾಕ್ರಿ. ಬಂದ ಗಿರಾಕಿ ಎಲ್ಲಾ ಓದಲಿ.”

ಅಂಗಡಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ದಾಕ್ಷಿಯ ಮಾತು ಬರೆದಾಯಿತು. ಸಾವಕಾರರು ಸಹಿ ಹಾಕಿದರು. ಪರದೆಯ ಕೆಲಸಕ್ಕೆ ದಸ್ತಗೀರ ಕಟ್ಟೆಯ ಮೇಲೇ ಕೂತು ಲ್ಯಾಪ್‌ಟಾಪು ತೆರೆದ. ಹುಲಿಗೆವ್ವಕ್ಕ ಹೇಳಿದಳು, ಅವನು ಬರೆದ: ‘ನಮ್ಮಲ್ಲಿ ಸೀರೆ ತೋರಿಸುವವರು ಕೂತು ತೋರಿಸುತ್ತಾರೆ. ನೀವೂ ಕೂತು ನೋಡಿ.’ ಗೋಡೌನಿನಿಂದ ಸ್ಟೂಲುಗಳ ಜೊತೆ ಹಳೆಯ ಗಾದಿಯೂ ಇಳಿದು ಬಂತು. ಅದರ ಮೇಲೊಂದು ದೀಪ ಕಟ್ಟಿ, ಆ ದೀಪದ ವೈರನ್ನು ದಸ್ತಗೀರ ನನ್ನ ಖಾಲಿ ಇದ್ದ ನಾಲ್ಕನೇ ಬಾಯಿಗೆ ಸಿಕ್ಕಿಸಿದ. ಆ ಬರಹ ಪರದೆಯ ಮೇಲೆ ಬಂದಾಗಲೆಲ್ಲ ನಾನು ಟಕ್ ಎನ್ನುತ್ತಿದ್ದೆ, ಗಾದಿಯ ಮೇಲೆ ಬೆಳಕು ಬೀಳುತ್ತಿತ್ತು. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದರೆ ಅದನ್ನೇ ಹೇಳುತ್ತೇನೆ. ಮೂರನೇ ಬಾಯಿ ಮತ್ತೆ ಸರಿಹೋಗಲಿಲ್ಲ. ಬೆಳಿಗ್ಗೆಯ ಗಂಟೆಯನ್ನು ಹುಲಿಗೆವ್ವಕ್ಕ ಕೈಯಲ್ಲೇ ಬಾರಿಸತೊಡಗಿದಳು.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಆಷಾಢದಲ್ಲಿ ವ್ಯಾಪಾರ ಇಳಿದಾಗ ಒಂದು ಬೆಳಿಗ್ಗೆ ಆ ಬರಹ ಪಟ್ಟಿಯಿಂದ ಮಾಯವಾಯಿತು. ನನಗೆ ಸುದ್ದಿ ಬರಲಿಲ್ಲ, ದೀಪ ಹತ್ತಲಿಲ್ಲ. ಮಧ್ಯಾಹ್ನದೊಳಗೆ ಹುಲಿಗೆವ್ವಕ್ಕನ ಕಾಲು ಗಲ್ಲಾಪೆಟ್ಟಿಗೆಯ ಮುಂದಿತ್ತು. “ಸಾವಕಾರ್ರ, ಪರದೆ ಏನೋ ಮರತೈತಿ ನೋಡ್ರಿ.” ಹಿಂದೆ ಇನ್ನೂ ಒಂಬತ್ತು ಜೊತೆ ಕಾಲು. ಸಂಜೆಗೆ ಬರಹ ತಿರುಗಿ ಬಂತು. ಅಂಥದ್ದು ಇನ್ನೂ ಎರಡು ಸಲ ಆಯಿತು. ಪ್ರತಿ ಸಲವೂ ಹೋಗಿ ಕೇಳಬೇಕಾಯಿತು. ಸಿಕ್ಕಿದ್ದನ್ನು ಕಾಯುತ್ತಲೇ ಇರಬೇಕು ಎಂಬುದು ಆ ಹೆಣ್ಣುಮಕ್ಕಳಿಗೆ ಗೊತ್ತಿತ್ತು.

ಅಷ್ಟರಲ್ಲಿ ದಾಕ್ಷಿ ರಜೆಯ ಮೇಲಿದ್ದಳು. ಎಂಟು ತಿಂಗಳು ತುಂಬುವವರೆಗೆ ಸ್ಟೂಲಿನ ಮೇಲೆ ಕೂತು, ಕಾಲನ್ನು ಕಟ್ಟೆಯ ಅಂಚಿಗೆ ಇಟ್ಟುಕೊಂಡು, ಸೀರೆಗಳ ಅಂಚು ಬಿಡಿಸಿ ತೋರಿಸಿ ಹೋದಳು. ಹೆಣ್ಣು ಹುಟ್ಟಿತು ಎಂಬ ಸುದ್ದಿ ಬಂದಾಗ ಯಾರೋ, “ಲಕ್ಷ್ಮಿ ಅಂತ ಹೆಸರಿಡಾಕ ಹೇಳ್ರಿ,” ಎಂದರು.

“ಬ್ಯಾಡವಾ ಮಾರಾಯ್ತಿ,” ಎಂದಳು ಹುಲಿಗೆವ್ವಕ್ಕ. “ಸಾವಕಾರ್ರು ಗಂಟಿ ತಗೊಂಡ ಬಂದಾರು.”

ಭಾಗೀರಥಿ ಎಂದು ಇಟ್ಟರು. ಕರೆಯುವುದು ಭಾಗಿ. ಬಾಣಂತನ ಮುಗಿಸಿ ದಾಕ್ಷಿ ತನ್ನ ಕೌಂಟರಿಗೇ ಬಂದಳು. ಕಾಗದ ಅವಳ ಬಳಿ ಇತ್ತು. ತೋರಿಸುವ ಪ್ರಸಂಗ ಬರಲಿಲ್ಲ. ಮಧ್ಯಾಹ್ನ ಅವಳ ಅತ್ತೆ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ದಾಕ್ಷಿ ಕಟ್ಟೆಯ ಮಗ್ಗುಲಿಗೆ ಸ್ಟೂಲು ಸರಿಸಿ, ಸೆರಗು ಮುಚ್ಚಿ ಹಾಲು ಕೊಡುತ್ತಿದ್ದಳು. ಸೆರಗಿನ ಕೆಳಗಿಂದ ಎರಡು ಪುಟ್ಟ ಪಾದಗಳು ಇಳಿಬಿದ್ದು, ಹಾಲು ಕುಡಿಯುವ ಲಯಕ್ಕೆ ಆಡುತ್ತಿದ್ದವು. ನೆಲವನ್ನೇ ಮುಟ್ಟದ ಪಾದ ಎಷ್ಟು ಮೆತ್ತಗಿರುತ್ತದೆ ಎಂದು ನಾನು ಮೊದಲು ನೋಡಿದ್ದು ಆಗ.

ಈಗ ನಾನು ದಸ್ತಗೀರನ ಅಂಗಡಿಯ ಹಿಂದಿನ ಗೂಡಿನಲ್ಲಿದ್ದೇನೆ. ಪಕ್ಕದಲ್ಲಿ ಒಂದು ಕುರುಡು ಕ್ಯಾಮೆರಾ, ಎರಡು ಹರಿದ ಸ್ಪೀಕರು. ಹೊಸ ಪರದೆಗಳು ದೀಪ, ಫ್ಯಾನು ಎಲ್ಲವನ್ನೂ ತಾವೇ ನಡೆಸುತ್ತವೆ. ನಡುವೆ ನನ್ನಂಥವರು ಬೇಕಿಲ್ಲ. ದಸ್ತಗೀರ ನನ್ನನ್ನು ಗುಜರಿಗೆ ಕೊಡಲಿಲ್ಲ. ಯಾಕೆಂದು ಅವನೂ ಯಾರಿಗೂ ಹೇಳಿಲ್ಲ. ನನ್ನ ಮೇಲೆ ಧೂಳು ಕೂತಿದೆ. ಹೇಳಿದ್ದನ್ನು ಮಾಡುವುದೇ ಬದುಕು ಎಂದು ಹುಟ್ಟಿದವನು ನಾನು. ಈಗ ಯಾರೂ ಏನೂ ಹೇಳುವುದಿಲ್ಲ. ಅಂಟಿಕೊಂಡ ಆ ಮೂರನೇ ಬಾಯಿಯ ಬಗ್ಗೆ ಯೋಚಿಸುತ್ತೇನೆ. ಅದು ಬರೀ ಬಿಸಿಯಿಂದ ಆದದ್ದು, ನನ್ನ ಧೈರ್ಯವಲ್ಲ. ಧೈರ್ಯ ನೆಲದ ಮೇಲೆ ಕೂತಿತ್ತು, ಹನ್ನೊಂದು ಕಡೆ.

ಅಂಗಡಿ ಬಿಟ್ಟ ದಿನದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ದಸ್ತಗೀರ ಕಟ್ಟೆಯ ಮುಂದೆ ಮಲಗಿ ನನ್ನ ಸ್ಕ್ರೂ ಬಿಚ್ಚುತ್ತಿದ್ದ. ದಾಕ್ಷಿ ಆಗತಾನೆ ಹಾಲು ಕೊಟ್ಟು ಕೂಸನ್ನು ಕೆಳಗೆ ಬಿಟ್ಟಿದ್ದಳು. ಭಾಗಿ ಅಂಬೆಗಾಲಿಟ್ಟು ಬಂದು, ಸೀಳಿನಲ್ಲಿ ಕಣ್ಣಿಟ್ಟು ನನ್ನನ್ನು ನೋಡಿದಳು. ಬಾಯಿ ತುಂಬ ಜೊಲ್ಲು. ಆಮೇಲೆ ಹಿಂದಕ್ಕೆ ಸರಿದು, ತಾಯಿ ಕೂತಿದ್ದ ಸ್ಟೂಲಿನ ಕಾಲನ್ನು ಒಂದು ಕೈಯಲ್ಲಿ ಹಿಡಿದಳು. ಇನ್ನೊಂದು ಕೈ. ಹೆಬ್ಬೆರಳು ಕಲ್ಲಿಗೆ ಒತ್ತಿತು, ಹಿಮ್ಮಡಿ ಊರಿತು, ಮೊಣಕಾಲು ನಡುಗಿತು.

“ಅಯ್ಯ, ನೋಡ್ರೇ ನೋಡ್ರೇ! ನಿಂತಾಳ!” ಎಂದು ಹುಲಿಗೆವ್ವಕ್ಕ ಕೂಗಿದಳು. ಸ್ಟೂಲಿನ ಮೇಲಿದ್ದವರೆಲ್ಲ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ದಾಕ್ಷಿ ಎರಡೂ ಕೈ ಚಾಚಿದಳು, ಆದರೆ ಹಿಡಿಯಲಿಲ್ಲ. ಕೂಸು ಒಂದು ಕೈ ಬಿಟ್ಟಿತು. ಎರಡು ಉಸಿರು ಹಾಗೇ ಇತ್ತು. ಧೊಪ್ಪೆಂದು ಕೂತಿತು. ಎಲ್ಲರ ಮುಖ ನೋಡಿ ನಕ್ಕು, ಸ್ಟೂಲಿನ ಕಾಲಿಗೆ ಮತ್ತೆ ಕೈ ಹಾಕಿತು.

ಏಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.